ಬೆಳಕಿನ ಬಣ್ಣ ಮತ್ತು ಸಸ್ಯದ ಬೆಳವಣಿಗೆ: ಒಂದು ಪ್ರಶ್ನೆಯ ಇತಿಹಾಸ

ಹಸಿರು ಸಸ್ಯಗಳು ಬೆಳಕನ್ನು ಅವಲಂಬಿಸಿ ಬದುಕುತ್ತವೆಂಬುದು ಸರ್ವವಿದಿತವಾದ ಸಂಗತಿ. ಆದರೆ ಬೆಳಕು ಒಂದೇ ಬಗೆಯದಲ್ಲ. ಬಿಳಿಯಾಗಿ ತೋರುವ ಬಿಸಿಲು ಹಲವು ಬಣ್ಣದ ಕಿರಣಗಳ ಸಮುದಾಯವೆಂದು ನ್ಯೂಟನ್ನನು ೧೬೭೨ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗಾಜಿನ ಅಶ್ರಗದ ಪ್ರಯೋಗದ ಮೂಲಕ ತೋರಿಸಿಕೊಟ್ಟನು. ಹಾಗಾದರೆ ಈ ಬಣ್ಣಗಳಲ್ಲಿ ಸಸ್ಯಕ್ಕೆ ಬೇಕಾದುದು ಯಾವುದು? ಎಲ್ಲವೂ ಸಮನಾಗಿ ಬೇಕೆ, ಅಥವಾ ಒಂದೊಂದು ಬಣ್ಣಕ್ಕೆ ಒಂದೊಂದು ಕಾರ್ಯವಿದೆಯೆ? ಕೇಳುವುದಕ್ಕೆ ಸರಳವಾದ ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆಯಲು ಸುಮಾರು ಎರಡು ಶತಮಾನಗಳೇ ಬೇಕಾದವು. ಆ ನಡುವೆ ಒಂದು ತಪ್ಪು ಉತ್ತರವು ಹಲವು ದಶಕಗಳ ಕಾಲ ವಿದ್ವಾಂಸರ ಮನ್ನಣೆ ಪಡೆದು ನಿಂತಿತ್ತು.

ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯವನ್ನು ಕೈಗೆತ್ತಿಕೊಂಡುದಕ್ಕೆ ಕಾರಣವಿದೆ. ವಿಜ್ಞಾನದ ಇತಿಹಾಸವನ್ನು ಶೋಧನೆಗಳ ಕಾಲಾನುಕ್ರಮಣಿಕೆಯೆಂದು ಬೋಧಿಸುವ ವಾಡಿಕೆ ನಮ್ಮ ಕಾಲೇಜುಗಳಲ್ಲಿ ಹೆಚ್ಚು. ಆದರೆ ಸಮರ್ಥರಾದ ಜನರು ಪ್ರಾಮಾಣಿಕವಾಗಿ ಪ್ರಯೋಗ ಮಾಡಿಯೂ ಏಕೆ ತಪ್ಪಿದರೆಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ. ಬೆಳಕಿನ ಬಣ್ಣದ ವಿಷಯದಲ್ಲಿ ಈ ತಪ್ಪಿಗೆ ಎರಡು ಮೂಲಗಳಿದ್ದುವು. ಮೊದಲನೆಯದು, ಸಸ್ಯಕ್ಕೆ ಬೇಕಾದ ಬೆಳಕನ್ನು ಮನುಷ್ಯನ ಕಣ್ಣಿನಿಂದ ಅಳೆದುದು. ಎರಡನೆಯದು, ಸಸ್ಯವು ಬೆಳಕಿನಿಂದ ಪಡೆಯುವ ಎರಡು ಬೇರೆ ಬೇರೆ ಪ್ರಯೋಜನಗಳನ್ನು ಒಂದೇ ಎಂದು ಭಾವಿಸಿದುದು. ಇವೆರಡನ್ನೂ ಕ್ರಮವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಣ್ಣದ ಗಾಜು, ಬಣ್ಣದ ದ್ರವ

ಸಸ್ಯದ ಹಸಿರು ಭಾಗಗಳು ಮಾತ್ರವೇ, ಅದೂ ಬೆಳಕಿನಲ್ಲಿ ಮಾತ್ರವೇ, ಗಾಳಿಯನ್ನು ಶುದ್ಧಗೊಳಿಸುತ್ತವೆಂದು ಡಚ್ ವೈದ್ಯನಾದ ಯಾನ್ ಇಂಗೆನ್‌ಹೌಸನು ೧೭೭೯ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಥಾಪಿಸಿದನು. ಅದಾದ ಮೂರು ವರ್ಷಗಳಲ್ಲಿ, ೧೭೮೨ರಲ್ಲಿ, ಜಿನೀವಾ ನಗರದ ಜೀನ್ ಸೆನೆಬಿಯೆ ಎಂಬ ಪಾದ್ರಿಯು ಈ ಕ್ರಿಯೆಗೆ ಇಂಗಾಲಾಮ್ಲ ವಾಯು ಅವಶ್ಯವೆಂದು ತೋರಿಸಿದನು. ಬಣ್ಣದ ಬೆಳಕಿನಲ್ಲಿ ಗಿಡಗಳನ್ನು ಇರಿಸುವ ಉಪಾಯವೂ ಈತನ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಎರಡು ಪದರದ ಗಾಜಿನ ಗಂಟೆಯನ್ನು ಮಾಡಿ, ಪದರಗಳ ನಡುವೆ ಬಣ್ಣದ ದ್ರವವನ್ನು ತುಂಬಿ, ಅದನ್ನು ಗಿಡದ ಮೇಲೆ ಕವುಚುವುದೇ ಆ ಉಪಾಯ. ದ್ರವದ ಬಣ್ಣಕ್ಕೆ ಅನುಗುಣವಾದ ಬೆಳಕು ಒಳಗೆ ಪ್ರವೇಶಿಸುತ್ತದೆ.

ಆಕ್ಸ್‌ಫರ್ಡಿನ ಪ್ರಾಧ್ಯಾಪಕನಾಗಿದ್ದ ಚಾರ್ಲ್ಸ್ ಡಾಬೆನಿಯು ೧೮೩೬ರಲ್ಲಿ ಇದೇ ಮಾರ್ಗದಲ್ಲಿ ಬಣ್ಣದ ಗಾಜುಗಳನ್ನೂ ದ್ರವಗಳನ್ನೂ ಬಳಸಿ ಎಲೆಗಳು ಹೊರಬಿಡುವ ಆಮ್ಲಜನಕವನ್ನು ಪರೀಕ್ಷಿಸಿದನು. ಕಣ್ಣಿಗೆ ಪ್ರಕಾಶವಾಗಿ ತೋರುವ ಕಿರಣಗಳೇ ಎಲೆಯಲ್ಲಿಯೂ ಹೆಚ್ಚು ಕೆಲಸ ಮಾಡುತ್ತವೆಂಬುದು ಅವನ ನಿರ್ಣಯ. ಇದಾದ ಕೆಲವು ವರ್ಷಗಳಲ್ಲಿ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ೧೮೪೪ರಿಂದ ೧೮೪೮ರ ವರೆಗೆ ತಾಳೆಯ ಜಾತಿಯ ಗಿಡಗಳಿಗಾಗಿ ದೊಡ್ಡ ಗಾಜಿನ ಮನೆಯೊಂದನ್ನು ಕಟ್ಟಿದರು. ಬಿಸಿಲಿನ ತಾಪಕ್ಕೆ ಎಲೆಗಳು ಸುಟ್ಟುಹೋಗಬಾರದೆಂದು, ರಾಬರ್ಟ್ ಹಂಟ್ ಎಂಬ ವಿಜ್ಞಾನಿಯ ಸಲಹೆಯಂತೆ, ತಾಮ್ರದ ಆಕ್ಸೈಡು ಬೆರೆಸಿದ ಹಸಿರು ಗಾಜನ್ನು ಅದಕ್ಕೆ ಹಾಕಲಾಯಿತು. ಶತಮಾನದ ಕೊನೆಯ ಭಾಗದಲ್ಲಿ ಈ ಹಸಿರು ಗಾಜನ್ನು ಕೈಬಿಟ್ಟು ಬಿಳಿ ಗಾಜನ್ನೇ ಹಾಕಬೇಕಾಯಿತು. ಬಣ್ಣದ ಪ್ರಶ್ನೆಯು ಪ್ರಯೋಗಶಾಲೆಯೊಳಗೆ ಮಾತ್ರ ಉಳಿದಿರಲಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಈ ಎಲ್ಲ ಪ್ರಯೋಗಗಳಲ್ಲಿಯೂ ಒಂದು ಸಮಾನವಾದ ದೋಷವಿತ್ತು. ಬಣ್ಣದ ಗಾಜು ಬೆಳಕಿಗೆ ಬಣ್ಣವನ್ನು ಸೇರಿಸುವುದಿಲ್ಲ. ಉಳಿದ ಬಣ್ಣಗಳನ್ನು ತಡೆಹಿಡಿಯುತ್ತದೆ, ಅಷ್ಟೆ. ಆ ತಡೆಯೂ ಪೂರ್ಣವಾದುದಲ್ಲ. ಕಣ್ಣಿಗೆ ಹಸಿರಾಗಿ ಕಾಣುವ ಗಾಜಿನ ಮೂಲಕ ಹಳದಿಯೂ ನೀಲಿಯೂ ಸ್ವಲ್ಪಮಟ್ಟಿಗೆ ಹಾದುಹೋಗಬಹುದು. ಒಂದು ಗಾಜು ಮತ್ತೊಂದು ಗಾಜಿಗಿಂತ ಒಟ್ಟಿನಲ್ಲಿ ಹೆಚ್ಚು ಬೆಳಕನ್ನು ಬಿಡಬಹುದು. ಆದುದರಿಂದ ಎರಡು ಗಿಡಗಳಲ್ಲಿ ಕಾಣುವ ವ್ಯತ್ಯಾಸವು ಬೆಳಕಿನ ಬಣ್ಣದಿಂದ ಆದುದೋ, ಪ್ರಮಾಣದಿಂದ ಆದುದೋ ಎಂದು ನಿರ್ಧರಿಸುವುದು ಸಾಧ್ಯವಿರಲಿಲ್ಲ.

ಹಳದಿಯ ಆಳ್ವಿಕೆ

ಈ ತೊಡಕಿನಿಂದ ಪಾರಾಗಲು ನ್ಯೂಟನ್ನನ ಅಶ್ರಗವನ್ನೇ ಬಳಸಬೇಕೆಂದು ಯೋಚಿಸಿದವನು ಅಮೆರಿಕದ ಜಾನ್ ವಿಲಿಯಂ ಡ್ರೇಪರ್. ಧರ್ಮ ಮತ್ತು ವಿಜ್ಞಾನಗಳ ಸಂಘರ್ಷವನ್ನು ಕುರಿತು ೧೮೭೪ರಲ್ಲಿ ಗ್ರಂಥ ಬರೆದವನೆಂದು ಇವನ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವೇ ಆಗಿದೆ. ರಸಾಯನ ವಿಜ್ಞಾನಿಯಾಗಿದ್ದ ಈತನು ೧೮೪೩ರಲ್ಲಿ, ಇಂಗಾಲಾಮ್ಲ ವಾಯುವನ್ನು ಕರಗಿಸಿದ ನೀರು ಮತ್ತು ಹುಲ್ಲಿನ ಎಲೆಗಳನ್ನು ಗಾಜಿನ ಕೊಳವೆಗಳಲ್ಲಿ ತುಂಬಿ, ಅವುಗಳನ್ನು ವರ್ಣಪಟಲದ ಬೇರೆ ಬೇರೆ ಬಣ್ಣಗಳಲ್ಲಿ ಸಾಲಾಗಿ ನಿಲ್ಲಿಸಿದನು. ಯಾವ ಕೊಳವೆಯಲ್ಲಿ ಹೆಚ್ಚು ವಾಯು ಸಂಗ್ರಹವಾಗುವುದೋ ಆ ಬಣ್ಣವೇ ಸಸ್ಯಕ್ಕೆ ಪ್ರಧಾನವೆಂಬುದು ಇದರ ತರ್ಕ. ಹಳದಿ ಮತ್ತು ಅದರ ನೆರೆಯ ಹಸಿರಿನಲ್ಲಿ ನಿಂತ ಕೊಳವೆಗಳಲ್ಲಿಯೇ ವಾಯು ಹೆಚ್ಚಾಗಿ ದೊರೆಯಿತು.

ಡ್ರೇಪರನ ಈ ನಿರ್ಣಯವನ್ನು ಜರ್ಮನಿಯ ಶ್ರೇಷ್ಠ ಸಸ್ಯವಿಜ್ಞಾನಿಗಳಾದ ಸಾಕ್ಸ್ ಮತ್ತು ಫೆಫರರೂ ಎತ್ತಿಹಿಡಿದರು. ಕಣ್ಣಿಗೆ ಅತ್ಯಂತ ಪ್ರಕಾಶವಾಗಿ ಕಾಣುವುದು ಹಳದಿ. ಎಲೆಯಲ್ಲಿ ಅತಿ ಹೆಚ್ಚು ಕೆಲಸ ಮಾಡುವುದೂ ಹಳದಿ. ಈ ಹೊಂದಾಣಿಕೆಯು ಎಷ್ಟು ಸಹಜವಾಗಿ ತೋರಿತೆಂದರೆ, ಅದನ್ನು ಸಂದೇಹಿಸಲು ಕಾರಣವೇ ಇಲ್ಲವೆಂದು ಬಹುಮಂದಿ ಭಾವಿಸಿದರು. ಆದರೆ ಇದಕ್ಕೆ ವಿರುದ್ಧವಾದ ಒಂದು ಸಂಗತಿ ಎಲ್ಲರ ಕಣ್ಣೆದುರಿಗೇ ಇತ್ತು. ಎಲೆಯ ಹಸಿರು ದ್ರವ್ಯವಾದ ಪತ್ರಹರಿತ್ತನ್ನು ಮದ್ಯಸಾರದಲ್ಲಿ ಕರಗಿಸಿ ಅದರ ಮೂಲಕ ಬಿಳಿ ಬೆಳಕನ್ನು ಹಾಯಿಸಿದರೆ, ಮುಖ್ಯವಾಗಿ ಹೀರಲ್ಪಡುವುವು ಕೆಂಪು ಮತ್ತು ನೀಲಿ ಕಿರಣಗಳು, ಹಳದಿಯಲ್ಲ. ಹೀರಿಕೊಳ್ಳದ ಬೆಳಕು ಕೆಲಸ ಮಾಡುವುದು ಹೇಗೆ?

ಈ ಪ್ರಶ್ನೆಯನ್ನು ಬಿಡದೆ ಹಿಡಿದವನು ರಷ್ಯದ ಕ್ಲಿಮೆಂಟ್ ತಿಮಿರ್ಯಾಜೆವ್. ಡ್ರೇಪರನ ಪ್ರಯೋಗದಲ್ಲಿ ಬೆಳಕು ಹಾಯುವ ಸೀಳು ಅಗಲವಾಗಿತ್ತೆಂದೂ, ಸೀಳು ಅಗಲವಾದಷ್ಟೂ ವರ್ಣಪಟಲದ ಬಣ್ಣಗಳು ಒಂದರ ಮೇಲೊಂದು ಹಾಸಿಕೊಂಡು ಬೆರೆಯುತ್ತವೆಂದೂ ಅವನು ತೋರಿಸಿದನು. ಬೆರಕೆಯು ಮಧ್ಯಭಾಗದಲ್ಲಿಯೇ ಹೆಚ್ಚು. ಹಾಗಾಗಿ ಹಳದಿಯಲ್ಲಿ ನಿಂತಿದ್ದ ಕೊಳವೆಗೆ ಕೆಂಪಿನ ಪಾಲೂ ದೊರೆಯುತ್ತಿತ್ತು. ಅದರ ಫಲವನ್ನು ಹಳದಿಯ ಲೆಕ್ಕಕ್ಕೆ ಬರೆಯಲಾಗಿತ್ತು. ಸೀಳನ್ನು ಕಿರಿದಾಗಿಸಿ, ಅತ್ಯಲ್ಪ ಪ್ರಮಾಣದ ವಾಯುವನ್ನೂ ಅಳೆಯಬಲ್ಲ ಉಪಕರಣವನ್ನು ರಚಿಸಿಕೊಂಡು ತಿಮಿರ್ಯಾಜೆವನು ೧೮೭೦ರ ದಶಕದಲ್ಲಿ ಪ್ರಯೋಗವನ್ನು ಪುನಃ ಮಾಡಿದಾಗ, ಪತ್ರಹರಿತ್ತು ಹೀರಿಕೊಳ್ಳುವ ಕೆಂಪಿನಲ್ಲಿಯೇ ಕ್ರಿಯೆಯು ಅಧಿಕವಾಗಿ ಕಂಡುಬಂದಿತು. ೧೯೦೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಕ್ರೂನಿಯನ್ ಉಪನ್ಯಾಸ ನೀಡುವ ಗೌರವ ಆತನಿಗೆ ದೊರೆಯಿತು.

ಇನ್ನೊಂದು ದಿಕ್ಕಿನಿಂದಲೂ ಇದೇ ಸಾಕ್ಷ್ಯ ಬಂದಿತು. ೧೮೮೨ರಲ್ಲಿ ಥಿಯೊಡೋರ್ ಎಂಗೆಲ್‌ಮನ್ನನು ನೂಲಿನಂತಿರುವ ಒಂದು ಪಾಚಿಯ ಮೇಲೆ, ಸೂಕ್ಷ್ಮದರ್ಶಕದ ಅಡಿಯಲ್ಲಿ, ಪುಟ್ಟದೊಂದು ವರ್ಣಪಟಲವನ್ನು ಬೀಳುವಂತೆ ಮಾಡಿದನು. ಆ ನೀರಿನಲ್ಲಿ ಆಮ್ಲಜನಕವನ್ನು ಅರಸಿ ಹೋಗುವ ಬ್ಯಾಕ್ಟೀರಿಯಗಳನ್ನು ಬಿಟ್ಟಿದ್ದನು. ಪಾಚಿಯ ಯಾವ ಭಾಗದಲ್ಲಿ ಆಮ್ಲಜನಕ ಹೆಚ್ಚಾಗಿ ಹೊರಡುವುದೋ ಅಲ್ಲಿಗೆ ಅವು ಮುತ್ತಬೇಕು. ಅವು ಗುಂಪುಗೂಡಿದುದು ಕೆಂಪಿನಲ್ಲಿ ಮತ್ತು ನೀಲಿಯಲ್ಲಿ. ಮನುಷ್ಯನ ಕಣ್ಣಿನ ತೀರ್ಪನ್ನು ಬದಿಗಿಟ್ಟು ಜೀವಿಗಳಿಂದಲೇ ಸಾಕ್ಷ್ಯ ಹೇಳಿಸಿದುದು ಈ ಪ್ರಯೋಗದ ವೈಶಿಷ್ಟ್ಯ.

ನೀಲಿ ಗಾಜಿನ ಹುಚ್ಚು

ವಿದ್ವಾಂಸರು ಹಳದಿ-ಕೆಂಪುಗಳ ವಿಷಯದಲ್ಲಿ ವಾದಿಸುತ್ತಿದ್ದ ಕಾಲದಲ್ಲಿಯೇ ಅಮೆರಿಕದ ಜನಸಾಮಾನ್ಯರು ನೀಲಿಯ ಮೋಹಕ್ಕೆ ಒಳಗಾದರು. ಫಿಲಡೆಲ್ಫಿಯ ನಗರದ ಆಗಸ್ಟಸ್ ಪ್ಲೆಸಂಟನ್ ಎಂಬ ಸೇನಾಧಿಕಾರಿಯು ೧೮೬೦ರ ದಶಕದ ಆರಂಭದಲ್ಲಿ ದ್ರಾಕ್ಷಿ ಬಳ್ಳಿಗಳಿಗಾಗಿ ಗಾಜಿನ ಮನೆಯೊಂದನ್ನು ಕಟ್ಟಿಸಿ, ಬಿಳಿ ಗಾಜಿನ ಸಾಲುಗಳ ನಡುನಡುವೆ ನೀಲಿ-ನೇರಿಳೆ ಗಾಜಿನ ಸಾಲುಗಳನ್ನು ಹಾಕಿಸಿದನು. ಬಳ್ಳಿಗಳು ಅಸಾಧಾರಣವಾಗಿ ಬೆಳೆದುವೆಂದು ೧೮೭೧ರಲ್ಲಿ ಅಲ್ಲಿನ ಕೃಷಿ ಸಂಘದ ಮುಂದೆ ಉಪನ್ಯಾಸ ಮಾಡಿದನು. ಹಂದಿಮರಿಗಳ ಮೇಲೂ ಇದೇ ಪ್ರಯೋಗ ನಡೆಸಿದನು. ೧೮೭೬ರಲ್ಲಿ ಅವನ ಪುಸ್ತಕವು ನೀಲಿ ಕಾಗದದ ಮೇಲೆ ನೀಲಿ ಶಾಯಿಯಲ್ಲಿ ಅಚ್ಚಾಗಿ ಹೊರಬಂದಿತು. ಮುಂದಿನ ವರ್ಷದ ಹೊತ್ತಿಗೆ ಜನರು ರೋಗನಿವಾರಣೆಗಾಗಿ ಮನೆಯ ಕಿಟಕಿಗಳಿಗೆ ನೀಲಿ ಗಾಜು ಹಾಕಿಸಿ ಅದರ ಕೆಳಗೆ ಕುಳಿತುಕೊಳ್ಳುವಂತಾಯಿತು.

ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯು ೧೮೭೭ರಲ್ಲಿ ಈ ವಾದವನ್ನು ಖಂಡಿಸಿತು. ಅನಂತರ ಹುಚ್ಚು ಇಳಿಯಿತು. ಖಂಡನೆಗೆ ಗಹನವಾದ ವಿಜ್ಞಾನವೇನೂ ಬೇಕಿರಲಿಲ್ಲ. ನೀಲಿ ಗಾಜಿನಿಂದ ಬರುವ ನೀಲಿ ಕಿರಣಗಳು ಬಿಳಿ ಗಾಜಿನಿಂದಲೂ ಬರುತ್ತವೆ. ನೀಲಿ ಗಾಜಿನ ಕೆಳಗಿರುವ ಗಿಡಕ್ಕೆ ಒಟ್ಟಿನಲ್ಲಿ ಬೆಳಕು ಕಡಮೆಯಾಗುವುದೇ ಹೊರತು ಹೆಚ್ಚಾಗದು. ಇಷ್ಟಕ್ಕೂ ಮಿಗಿಲಾದ ಕೊರತೆಯೆಂದರೆ, ಬಣ್ಣದ ಗಾಜಿನ ಮನೆಯ ಪಕ್ಕದಲ್ಲಿ ಅದೇ ಮಣ್ಣು, ಅದೇ ತಳಿ, ಅದೇ ಆರೈಕೆಯುಳ್ಳ ಬಿಳಿ ಗಾಜಿನ ಮನೆಯೊಂದನ್ನು ಪ್ಲೆಸಂಟನ್ನನು ಹೋಲಿಕೆಗಾಗಿ ಇರಿಸಲಿಲ್ಲ. ಒಂದೇ ಪಕ್ಷದ ದಾಖಲೆಯನ್ನು ನೋಡಿ ತೀರ್ಮಾನಕ್ಕೆ ಬರುವ ಇತಿಹಾಸಕಾರನ ದೋಷವೂ ಇದೇ ಜಾತಿಯದು.

ಆಹಾರವೂ ಹೌದು, ಸೂಚನೆಯೂ ಹೌದು

ಕೆಂಪು ಮತ್ತು ನೀಲಿ ಕಿರಣಗಳೇ ಪ್ರಧಾನವೆಂದು ತಿಳಿದಮೇಲೂ ಪ್ರಶ್ನೆ ಮುಗಿಯಲಿಲ್ಲ. ಏಕೆಂದರೆ ಇದುವರೆಗಿನ ಪ್ರಯೋಗಗಳೆಲ್ಲ ದ್ಯುತಿಸಂಶ್ಲೇಷಣೆಯನ್ನು, ಎಂದರೆ ಸಸ್ಯವು ಬೆಳಕಿನಿಂದ ಆಹಾರವನ್ನು ತಯಾರಿಸುವ ಕ್ರಿಯೆಯನ್ನು, ಕುರಿತವು. ಆದರೆ ಬೆಳವಣಿಗೆಯೆಂದರೆ ಆಹಾರ ಮಾತ್ರವಲ್ಲ. ಬೀಜ ಯಾವಾಗ ಮೊಳೆಯಬೇಕು, ಕಾಂಡ ಎಷ್ಟು ಉದ್ದವಾಗಬೇಕು, ಯಾವ ದಿಕ್ಕಿಗೆ ಬಾಗಬೇಕು, ಹೂ ಯಾವ ಋತುವಿನಲ್ಲಿ ಬಿಡಬೇಕು ಎಂಬುವು ಬೇರೆಯೇ ಸಂಗತಿಗಳು. ಇವುಗಳಿಗೆ ಬೆಳಕು ಸೂಚನೆಯಾಗಿ ಒದಗುತ್ತದೆ. ಆಹಾರಕ್ಕೆ ಗಂಟೆಗಟ್ಟಲೆ ಬಿಸಿಲು ಬೇಕು. ಸೂಚನೆಗೆ ಕೆಲವೊಮ್ಮೆ ಕ್ಷಣಕಾಲದ ಮಂದವಾದ ಬೆಳಕೇ ಸಾಕು.

ಈ ಭೇದದ ಮೊದಲ ಸುಳಿವು ಸಾಕ್ಸನ ೧೮೬೪ರ ಪ್ರಯೋಗಗಳಲ್ಲಿಯೇ ಇದೆ. ಎರಡು ಪದರದ ಗಾಜಿನ ಗಂಟೆಗಳಲ್ಲಿ ಒಂದಕ್ಕೆ ಕಿತ್ತಳೆ ಬಣ್ಣದ ದ್ರಾವಣವನ್ನೂ ಮತ್ತೊಂದಕ್ಕೆ ತಾಮ್ರದ ನೀಲಿ ದ್ರಾವಣವನ್ನೂ ತುಂಬಿ ಅವನು ಪರೀಕ್ಷಿಸಿದನು. ಕಿತ್ತಳೆಯ ಬೆಳಕಿನಲ್ಲಿ ಆಮ್ಲಜನಕ ಚೆನ್ನಾಗಿ ಹೊರಟಿತು, ಆದರೆ ಸಸಿಗಳು ಬೆಳಕಿನ ಕಡೆಗೆ ಬಾಗಲಿಲ್ಲ; ನೀಲಿಯಲ್ಲಿ ಆಮ್ಲಜನಕ ಅಲ್ಪವಾಗಿದ್ದರೂ ಸಸಿಗಳು ಬಾಗಿದುವು. ಚಾರ್ಲ್ಸ್ ಡಾರ್ವಿನ್ನನು ತನ್ನ ಮಗ ಫ್ರಾನ್ಸಿಸನೊಡನೆ ೧೮೮೦ರಲ್ಲಿ ಪ್ರಕಟಿಸಿದ ಗ್ರಂಥವು, ಹುಲ್ಲಿನ ಮೊಳಕೆಯಲ್ಲಿ ಬೆಳಕನ್ನು ಗ್ರಹಿಸುವ ಸ್ಥಾನ ತುದಿಯೆಂದೂ, ಬಾಗುವ ಸ್ಥಾನ ಅದರ ಕೆಳಗಿನದೆಂದೂ ತೋರಿಸಿತು. ಆಹಾರದ ಕೆಲಸವೂ ಸೂಚನೆಯ ಕೆಲಸವೂ ಬೇರೆ ಬೇರೆ ಎಂಬುದಕ್ಕೆ ಇವು ಪೀಠಿಕೆಗಳಾದುವು.

ನಿರ್ಣಾಯಕವಾದ ಕಾರ್ಯವು ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಶಾಲೆಗಳಲ್ಲಿ ನಡೆಯಿತು. ಹಗಲು-ಇರುಳುಗಳ ಅವಧಿಯೇ ಹಲವು ಸಸ್ಯಗಳ ಹೂಬಿಡುವಿಕೆಯನ್ನು ನಿಯಂತ್ರಿಸುತ್ತದೆಂದು ಗಾರ್ನರ್ ಮತ್ತು ಅಲ್ಲಾರ್ಡ್ ೧೯೨೦ರಲ್ಲಿ ಪ್ರಕಟಿಸಿದರು. ೧೯೩೦ರ ದಶಕದಲ್ಲಿ ಫ್ಲಿಂಟ್ ಮತ್ತು ಮೆಕಾಲಿಸ್ಟರ್ ಅವರು ಲೆಟಿಸ್ ಎಂಬ ಸೊಪ್ಪಿನ ಬೀಜಗಳ ಮೊಳೆಯುವಿಕೆಯನ್ನು ಕೆಂಪು ಬೆಳಕು ಪ್ರೋತ್ಸಾಹಿಸುತ್ತದೆಂದೂ, ಕೆಂಪಿನ ಆಚೆ ಅಂಚಿನಲ್ಲಿರುವ, ನಮ್ಮ ಕಣ್ಣಿಗೆ ಬಹುಮಟ್ಟಿಗೆ ಕಾಣದ ಬೆಳಕು ತಡೆಯುತ್ತದೆಂದೂ ಕಂಡುಕೊಂಡರು. ಎರಡನೆಯದನ್ನು ನಾವು ಇಲ್ಲಿ ದೂರಕೆಂಪು ಎಂದು ಕರೆಯುತ್ತೇವೆ. ಮೊದಲನೆಯದರ ತರಂಗದೂರ ಸುಮಾರು ೬೬೦ ನ್ಯಾನೋಮೀಟರು, ಎರಡನೆಯದರದು ಸುಮಾರು ೭೩೦.

೧೯೫೨ರಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಹೋದ್ಯೋಗಿಗಳು ಅದೇ ಬೀಜಗಳ ಮೇಲೆ ಈ ಎರಡು ಬೆಳಕುಗಳನ್ನು ಒಂದಾದಮೇಲೊಂದರಂತೆ ಬೀಳಿಸಿದರು. ಕೆಂಪನ್ನು ಮಾತ್ರ ಕಂಡ ಬೀಜಗಳಲ್ಲಿ ನೂರಕ್ಕೆ ೯೮ ಮೊಳೆತುವು. ಕೆಂಪಿನ ಅನಂತರ ದೂರಕೆಂಪನ್ನು ಕಂಡವುಗಳಲ್ಲಿ ೫೪. ಮತ್ತೆ ಕೆಂಪನ್ನು ತೋರಿಸಿದಾಗ ೧೦೦. ಪುನಃ ದೂರಕೆಂಪನ್ನು ತೋರಿಸಿದಾಗ ೪೩. ಎಷ್ಟು ಬಾರಿ ಬದಲಾಯಿಸಿದರೂ ಬೀಜವು ಅನುಸರಿಸಿದುದು ಕಟ್ಟಕಡೆಗೆ ಬಿದ್ದ ಬೆಳಕನ್ನು. ಎರಡು ರೂಪಗಳ ನಡುವೆ ತಿರುತಿರುಗಿ ಮಾರ್ಪಡುವ ಒಂದು ವರ್ಣದ್ರವ್ಯ ಸಸ್ಯದಲ್ಲಿರಬೇಕೆಂದು ಅವರು ಇದರಿಂದ ಊಹಿಸಿದರು. ೧೯೫೯ರಲ್ಲಿ ಬಟ್ಲರ್ ಮೊದಲಾದವರು ಮುಸುಕಿನ ಜೋಳದ ಮೊಳಕೆಗಳಲ್ಲಿ ಅದನ್ನು ಉಪಕರಣದ ಮೂಲಕ ಪತ್ತೆಮಾಡಿದರು. ಅದಕ್ಕೆ ಫೈಟೋಕ್ರೋಮ್ ಎಂದು ಹೆಸರಾಯಿತು. ಬಹುಕಾಲದ ಮೇಲೆ, ೧೯೯೦ರ ದಶಕದಲ್ಲಿ, ನೀಲಿಯನ್ನು ಗ್ರಹಿಸುವ ಕ್ರಿಪ್ಟೋಕ್ರೋಮ್ ಮತ್ತು ಫೋಟೋಟ್ರೋಪಿನ್ ಎಂಬ ಬೇರೆ ಗ್ರಾಹಕಗಳು ಗೊತ್ತಾದುವು. ಸಾಕ್ಸನು ಕಂಡ ಬಾಗುವಿಕೆಗೆ ಕಾರಣವಾದುದು ಇವುಗಳಲ್ಲಿ ಎರಡನೆಯದು.

ಇಂಥ ವ್ಯವಸ್ಥೆ ಸಸ್ಯಕ್ಕೆ ಏಕೆ ಬೇಕು? ಎಲೆಗಳು ಕೆಂಪನ್ನು ಹೀರಿಕೊಂಡು ದೂರಕೆಂಪನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ತೆರೆದ ಬಯಲಿನಲ್ಲಿ ಈ ಎರಡೂ ಹೆಚ್ಚುಕಡಮೆ ಸಮವಾಗಿರುತ್ತವೆ. ಮರದ ನೆರಳಿನಲ್ಲಿ ದೂರಕೆಂಪಿನದೇ ಮೇಲುಗೈ. ಹೀಗೆ ತನ್ನ ಮೇಲೆ ಬಿದ್ದಿರುವುದು ಮೋಡದ ನೆರಳೋ, ಬೇರೊಂದು ಸಸ್ಯದ ನೆರಳೋ ಎಂಬುದನ್ನು ಸಸಿಯು ಬೆಳಕಿನ ಬಣ್ಣದಿಂದ ಅರಿಯುತ್ತದೆ. ಒತ್ತಾಗಿ ಬಿತ್ತಿದ ಪೈರು ಸಣಕಲಾಗಿ ಎತ್ತರಕ್ಕೆ ಏರುವುದನ್ನು ನಮ್ಮ ರೈತರೆಲ್ಲರೂ ಬಲ್ಲರು. ನೆರೆಯ ಗಿಡದ ಎಲೆಗಳಿಂದ ಪ್ರತಿಫಲಿಸಿ ಬರುವ ದೂರಕೆಂಪಿಗೆ, ನೆರಳು ಬೀಳುವ ಮೊದಲೇ, ಸಸಿಯು ಕಾಂಡವನ್ನು ನೀಡಿ ಉತ್ತರ ಕೊಡುತ್ತದೆ.

ಹಸಿರು ನಿರುಪಯೋಗಿಯೆ?

ಎಲೆಯು ಹಸಿರು ಬೆಳಕನ್ನು ಬಳಸುವುದೇ ಇಲ್ಲ, ಆದುದರಿಂದಲೇ ಅದು ಹಸಿರಾಗಿ ಕಾಣುತ್ತದೆ ಎಂಬ ಮಾತನ್ನು ತರಗತಿಗಳಲ್ಲಿ ಈಗಲೂ ಕೇಳುತ್ತೇವೆ. ಇದು ಹಳದಿಯ ಸಿದ್ಧಾಂತದ ವಿರುದ್ಧ ದಿಕ್ಕಿನ ಅತಿರೇಕ. ಮದ್ಯಸಾರದಲ್ಲಿ ಕರಗಿದ ಪತ್ರಹರಿತ್ತೇ ಬೇರೆ, ಇಡಿಯ ಎಲೆಯೇ ಬೇರೆ. ಎಲೆಯೊಳಗೆ ಬೆಳಕು ಜೀವಕೋಶಗಳ ನಡುವೆ ಹಲವು ಬಾರಿ ಪ್ರತಿಫಲಿಸುತ್ತಾ ಸುತ್ತಾಡುವುದರಿಂದ ಹಸಿರು ಕಿರಣಗಳಲ್ಲಿಯೂ ಬಹುಪಾಲು ಕೊನೆಗೆ ಹೀರಲ್ಪಡುತ್ತದೆ. ಉಳಿದ ಸಣ್ಣ ಪಾಲೇ ನಮ್ಮ ಕಣ್ಣಿಗೆ ಬೀಳುವ ಹಸಿರು. ೧೯೭೨ರಲ್ಲಿ ಮೆಕ್‌ಕ್ರೀ ಅವರು ೨೨ ಜಾತಿಯ ಬೆಳೆಗಳ ಎಲೆಗಳನ್ನು ಪರೀಕ್ಷಿಸಿ, ದ್ಯುತಿಸಂಶ್ಲೇಷಣೆಗೆ ಕೆಂಪು ಅತ್ಯಂತ ಸಮರ್ಥವೆಂಬುದು ನಿಜವಾದರೂ ಹಸಿರು ಅದರಿಂದ ಬಹಳ ಹಿಂದೆ ಬೀಳುವುದಿಲ್ಲವೆಂದು ತೋರಿಸಿದರು. ತೆರಾಶಿಮ ಮತ್ತು ಸಂಗಡಿಗರು ೨೦೦೯ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಳಕು ಪ್ರಖರವಾಗಿರುವಾಗ ಎಲೆಯ ಮೇಲಿನ ಪದರಗಳು ತಣಿದಿರುತ್ತವೆ. ಆಗ ಕೆಳಗಿನ ಪದರಗಳವರೆಗೆ ಇಳಿದು ಹೋಗಬಲ್ಲ ಹಸಿರು, ಕೆಂಪಿಗಿಂತಲೂ ಹೆಚ್ಚು ಪ್ರಯೋಜನಕಾರಿಯಾಗುತ್ತದೆ.

ಅಳತೆಯ ವಿಷಯವನ್ನೂ ಇಲ್ಲಿ ಗಮನಿಸಬೇಕು. ಬೆಳಕು ಕಣಗಳಾಗಿ ಬರುತ್ತದೆ. ನೀಲಿ ಕಣದಲ್ಲಿ ಕೆಂಪು ಕಣಕ್ಕಿಂತ ಹೆಚ್ಚು ಶಕ್ತಿಯಿದ್ದರೂ ಆ ಹೆಚ್ಚಳವು ಎಲೆಯಲ್ಲಿ ಶಾಖವಾಗಿ ವ್ಯಯವಾಗುತ್ತದೆ. ಆದುದರಿಂದ ಸಸ್ಯದ ದೃಷ್ಟಿಯಿಂದ ಎಣಿಸಬೇಕಾದುದು ಕಣಗಳ ಸಂಖ್ಯೆಯನ್ನು. ದೀಪಗಳ ಪ್ರಕಾಶವನ್ನು ಸೂಚಿಸುವ ಲಕ್ಸ್, ಲ್ಯೂಮೆನ್ ಎಂಬ ಮಾನಗಳಾದರೋ ಮನುಷ್ಯನ ಕಣ್ಣಿನ ಸಂವೇದನೆಯನ್ನು ಆಧರಿಸಿದವು. ಡಾಬೆನಿಯನ್ನು ದಾರಿತಪ್ಪಿಸಿದ ಅಳತೆಗೋಲು ಹೀಗೆ ಇಂದಿಗೂ ನಮ್ಮ ಕೈಯಲ್ಲಿದೆ.

ಇಂದಿನ ಪ್ರಸಕ್ತಿ

೧೯೯೦ರ ದಶಕದಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ದೀಪಗಳು ಬಂದವು. ಅವುಗಳ ಶೋಧನೆಗಾಗಿ ಅಕಸಾಕಿ, ಅಮಾನೋ ಮತ್ತು ನಾಕಮುರ ಅವರಿಗೆ ೨೦೧೪ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಅಲ್ಲಿಂದ ಮುಂದೆ ಬಣ್ಣವನ್ನು ಆರಿಸಿ ಬೆಳೆ ಬೆಳೆಯುವುದು ಸುಲಭವಾಯಿತು. ಕೆಂಪೊಂದರಲ್ಲೇ ಬೆಳೆಸಿದ ಸೊಪ್ಪಿನ ಗಿಡಗಳು ಸಾಮಾನ್ಯವಾಗಿ ಜೋಲಾಗಿ ಉದ್ದವಾಗುತ್ತವೆ. ಸ್ವಲ್ಪ ನೀಲಿಯನ್ನು ಸೇರಿಸಿದರೆ ಅಡಕವಾಗಿ ಬೆಳೆಯುತ್ತವೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ೨೦೧೪ರಲ್ಲಿ ಸ್ಥಾಪಿಸಿದ ಸಸ್ಯಪೆಟ್ಟಿಗೆಯಲ್ಲಿ ಕೆಂಪು, ನೀಲಿಗಳೊಡನೆ ಹಸಿರು ದೀಪಗಳನ್ನೂ ಇರಿಸಿದರು. ಹಸಿರನ್ನು ಸೇರಿಸಿದುದು ಮುಖ್ಯವಾಗಿ ನೋಡುವವರಿಗಾಗಿ. ಕೆಂಪು-ನೀಲಿ ಮಾತ್ರವಿದ್ದರೆ ಎಲೆಗಳು ಕಪ್ಪಾಗಿ ತೋರುತ್ತವೆ. ಮನುಷ್ಯನ ಕಣ್ಣಿಗೆ ಬೇಕಾದುದನ್ನೂ ಗಿಡಕ್ಕೆ ಬೇಕಾದುದನ್ನೂ ಇಲ್ಲಿ ಬೇರೆಬೇರೆಯಾಗಿ ಲೆಕ್ಕಹಾಕಿ ಒದಗಿಸಿದರೆಂಬುದು ಗಮನಾರ್ಹ.

ನಮ್ಮ ನಾಡಿನಲ್ಲಿಯೂ ಈ ಜ್ಞಾನ ಬಳಕೆಗೆ ಬಂದಿದೆ. ಬೆಂಗಳೂರು, ಚಿಕ್ಕಬಳ್ಳಾಪುರಗಳ ಸುತ್ತಿನ ಕೆಲವು ಸೇವಂತಿಗೆ ತೋಟಗಳಲ್ಲಿ ರಾತ್ರಿಯ ಹೊತ್ತು ದೀಪಗಳ ಸಾಲು ಉರಿಯುತ್ತದೆ. ಸೇವಂತಿಗೆಯು ದೀರ್ಘವಾದ ಇರುಳಿನಲ್ಲಿ ಮೊಗ್ಗು ಕಟ್ಟುವ ಗಿಡ. ಇರುಳನ್ನು ದೀಪದಿಂದ ತುಂಡರಿಸಿದರೆ ಹೂ ಮುಂದಕ್ಕೆ ಹೋಗುತ್ತದೆ; ಗಿಡವು ಬಲಿತು ಬೇಕಾದ ಕಾಲಕ್ಕೆ ಹೂಬಿಡುತ್ತದೆ. ಆ ಬೆಳಕಿನಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಲೆಟಿಸ್ ಬೀಜದ ಪ್ರಯೋಗದಲ್ಲಿ ಕಂಡ ಆ ಕೆಂಪೇ. ಇಲ್ಲಿ ದೀಪವು ಗಿಡಕ್ಕೆ ಆಹಾರವನ್ನು ಉಣಿಸುತ್ತಿಲ್ಲ. ಕಾಲದ ಸೂಚನೆಯನ್ನು ಬದಲಿಸುತ್ತಿದೆ.

ಆದರೆ ಪ್ಲೆಸಂಟನ್ನನ ವಂಶವೂ ಅಳಿದಿಲ್ಲ. ಇಂಥ ಬಣ್ಣದ ದೀಪವನ್ನು ಹಚ್ಚಿದರೆ ಯಾವ ಗಿಡವಾದರೂ ಇಮ್ಮಡಿ ಬೆಳೆಯುವುದೆಂಬ ಜಾಹೀರಾತುಗಳನ್ನು ನಂಬಿ ಹಣ ಕಳೆದುಕೊಳ್ಳುವವರು ಇಂದೂ ಇದ್ದಾರೆ. ಅಂಥ ಮಾತು ಎದುರಾದಾಗ ನಮ್ಮ ವಿದ್ಯಾರ್ಥಿಗಳು ಕೇಳಬೇಕಾದುದಿಷ್ಟು: ಬೆಳಕನ್ನು ಅಳೆದುದು ಯಾರ ಕಣ್ಣಿನಿಂದ? ಬಣ್ಣದೊಡನೆ ಪ್ರಮಾಣವೂ ಬದಲಾಯಿತೆ? ಪಕ್ಕದಲ್ಲಿ ಹೋಲಿಕೆಯ ಗಿಡವಿತ್ತೆ? ಬೆಳವಣಿಗೆಯೆಂದರೆ ತೂಕವೊ, ಎತ್ತರವೊ, ಹೂವೊ? ಸೆನೆಬಿಯೆಯಿಂದ ಬಾರ್ತ್‌ವಿಕ್ಕರವರೆಗಿನ ಪರಂಪರೆಯು ಈ ಪ್ರಶ್ನೆಗಳನ್ನು ಒಂದೊಂದಾಗಿ ಕಲಿಯುತ್ತ ಬಂದಿದೆ. ಸಸ್ಯವಿಜ್ಞಾನದ ತರಗತಿಯಲ್ಲಿ ಉತ್ತರಗಳನ್ನು ಹೇಳಿಕೊಡುವಾಗ, ಅವು ಯಾವ ದಾರಿಯಿಂದ ಬಂದುವೆಂಬುದನ್ನೂ ಜೊತೆಗೆ ಹೇಳಿಕೊಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.